ಮಸ್ಕತ್ತಿನ ನಲ್ಲಿ, ಪುರಸೈವಾಕ್ಕಂ ಕೊಡ

ಅಲ್ಲ, ಅದು ಸಣ್ಣ ವಿಷಯ ಅಲ್ಲ. ಬೆಳಿಗ್ಗೆಯಿಂದ ನಮ್ಮ ಮನೆಯ ನೀಲಿ ಪ್ಲಾಸ್ಟಿಕ್ ಕೊಡ ಕಾಣ್ತಿಲ್ಲ. ಬಚ್ಚಲಲ್ಲಿ ಇಲ್ಲ, ಬಾಲ್ಕನಿಯಲ್ಲಿ ಇಲ್ಲ, ವಾಚ್‌ಮನ್ನನ್ನು ವಿಚಾರಿಸಿ ಆಯ್ತು, ಅವನಿಗೂ ಸುಳಿವಿಲ್ಲ. "ಒರು ಕುಡತ್ತುಕ್ಕಾ ಇವ್ವಳವು ಗಲಾಟಾ, ಅಜ್ಜಿ?" ಒಂದು ಕೊಡಕ್ಕೆ ಇಷ್ಟು ಗಲಾಟೆಯಾ ಅಂತ ಕೇಳ್ತೀಯಲ್ಲ, ಬಾ, ಇಲ್ಲಿ ಕೂತ್ಕೋ. ಆ ಕೊಡ ವಿಮಾನದಲ್ಲಿ ಹೋಗಿ ಬಂದದ್ದು. ನೀನಿನ್ನೂ ವಿಮಾನ ಹತ್ತಿಲ್ಲ.

ನಿನ್ನ ಅಜ್ಜ ಮಸ್ಕತ್ತಿನ ಹೋಟೆಲಲ್ಲಿ ಅಡುಗೆಗೆ, ನಾನು ಇಲ್ಲಿ ಈ ತಮಿಳು ಊರಲ್ಲಿ, ಪುರಸೈವಾಕ್ಕಂನಲ್ಲಿ, ನಿನ್ನ ಅಪ್ಪನನ್ನು ಇಟ್ಕೊಂಡು. ಅವರು ಒಮ್ಮೆ ರಜೆಗೆ ಬಂದಾಗ ನಿನ್ನ ಅಪ್ಪ ಅವರನ್ನು "ಅಂಕಲ್" ಅಂತ ಕರೆದ. ಅವರು ಊಟ ಬಿಟ್ಟು ಎದ್ದು, "ಇನ್ನು ಒಟ್ಟಿಗೇ ಇರುವ" ಅಂದ್ರು. ಮಸ್ಕತ್ತಿಗೆ ಹೊರಟೆವು. ಕೊಡದೊಳಗೆ ಹಪ್ಪಳ ತುಂಬಿಸಿ ಅದನ್ನೂ ತಗೊಂಡೆ. ಯಾಕೆ ಅಂದ್ರೆ, ಇಲ್ಲಿ ಆಗ ಲಾರಿ ನೀರು ಗೊತ್ತುಂಟಾ, ಲಾರಿ ಯಾವಾಗ ಬರ್ತದೆ ಅಂತ ದೇವರಿಗೂ ಗೊತ್ತಿಲ್ಲ. ಕೊಡಗಳು ಸಾಲಾಗಿ ಮುಂದೆ, ನಾವು ಹಿಂದೆ. ಕೆಳಮನೆಯ ಸೆಲ್ವಿ, "ಏ ಹೋಟೆಲ್‌ಕಾರಮ್ಮಾ, ನಿನ್ನ ಕೊಡಕ್ಕೇನು ಕಾಲು ಬಂತಾ, ಮುಂದೆ ಹೋಗಿದೆ!" ಅಂತ ಬೈಯ್ಯೋದು, ನಾನು ತಿರುಗಿ ಬೈಯ್ಯೋದು. ನನಗೆ ಜ್ವರ ಬಂದಾಗ ಮಗುವನ್ನು ನೋಡಿಕೊಂಡವಳೂ ಅವಳೇ.

ಮಸ್ಕತ್ತು ಮರಳುಗಾಡು. ಅಲ್ಲಿ ನಲ್ಲಿ ತಿರುಗಿಸಿದ್ರೆ ಸಾಕು, ನೀರು. ಮಳೆ ಬೀಳುವ ಊರಲ್ಲಿ ನೀರಿಲ್ಲ, ಬೀಳದ ಊರಲ್ಲಿ ಉಂಟು. ಆ ವಿಷಯ ದೊಡ್ಡವರಿಗೆ ಬಿಡುವ. ನಾನು ಮಾತ್ರ ದಿನಾ ಬೆಳಿಗ್ಗೆ ಎದ್ದು ಕೊಡ, ಬಕೆಟ್ಟು, ಪಾತ್ರೆ ಎಲ್ಲ ತುಂಬಿಸ್ತಿದ್ದೆ. "ಮಾರಾಯ್ತಿ, ಕುಕ್ಕರನ್ನಾದ್ರೂ ಬಿಡು, ಅನ್ನ ಎಲ್ಲಿ ಮಾಡ್ಲಿ?" ಅಂತ ಅಜ್ಜ. ಆದ್ರೆ ಕಟ್ಟಡದಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದು. ಮಾತಿಗೆ ಜನ ಇಲ್ಲ, ಅದು ಬಿಡು, ಜಗಳಕ್ಕೂ ಇಲ್ಲ. ಕೊನೆಗೆ "ನಾವಿಬ್ಬರು ವಾಪಸ್ ಹೋಗ್ತೇವೆ, ಟಿಕೆಟ್ ಮಾಡಿ" ಅಂದುಬಿಟ್ಟೆ. ಅಜ್ಜ ಮಗನ ತಲೆ ಸವರಿ ಕೆಲಸಕ್ಕೆ ಹೋದ್ರು.

ಅದೇ ವಾರ ಕಟ್ಟಡದ ಪಂಪು ಸುಟ್ಟುಹೋಯ್ತು. ಬಾಗಿಲು ಬಡಿದ ಸದ್ದು. ನೋಡ್ತೇನೆ, ಎದುರುಮನೆಯ ಈಜಿಪ್ಟಿನ ಹೆಂಗಸು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಖಾಲಿ ಕೆಟಲ್ಲು. ಅವಳ ಮಾತು ನನಗೆ ತಿಳೀಲಿಲ್ಲ, ಕೆಟಲ್ಲಿನ ಮಾತು ತಿಳೀತು. ತುಂಬಿಸಿ ಕೊಟ್ಟೆ. ಸುದ್ದಿ ಹಬ್ಬಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ತುಂಬ ಜನ, ಪಾತ್ರೆ, ತಳ್ಳಾಟ. ಒಬ್ಬ ದಾಂಡಿಗ ಎಲ್ಲರನ್ನೂ ಸರಿಸಿ ಕ್ಯಾನ್ ಮುಂದಿಟ್ಟ. ನನ್ನ ಬಾಯಿಂದ ತಾನಾಗಿ ಬಂತು ನೋಡು: "ಏಯ್! ಲೈನ್‌ಲ ವಾಂಗ!" ಸಾಲಲ್ಲಿ ಬನ್ನಿ ಅಂತ. ಅವನಿಗೆ ತಮಿಳು ಬರೋದಿಲ್ಲ. ಆದ್ರೂ ಹಿಂದೆ ಹೋಗಿ ನಿಂತ. ನನಗೆ ಕಣ್ಣಲ್ಲಿ ನೀರು ಬಂತು. ಆ ನೀರನ್ನು ಯಾರೂ ಕೇಳಲಿಲ್ಲ, ಪುಣ್ಯ.

ಮಾರನೇ ದಿನ ಆ ಹೆಂಗಸು ಖರ್ಜೂರ ತಗೊಂಡು ಬಂದಳು, ಮಧ್ಯಾಹ್ನದವರೆಗೆ ಕೂತಳು. ಅವಳು ಅರಬ್ಬಿಯಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ಗಂಡಂದಿರನ್ನು ದೂರಿದೆವು. ಟಿಕೆಟ್ಟಿನ ಮಾತು ನಾನು ಮತ್ತೆ ಎತ್ತಲಿಲ್ಲ. ಮಳೆಗಾಲ... ಅಲ್ಲಿ ಎಲ್ಲಿಯ ಮಳೆಗಾಲ, ಇಲ್ಲಿ ಮಳೆ ಶುರುವಾಗುವ ಹೊತ್ತಿಗೆ ನಿನ್ನ ಅಪ್ಪ ಅಲ್ಲಿ "ಅಪ್ಪಾ" ಅಂತ ಕರೀತಿದ್ದ. ಅಜ್ಜನ ಕೆಲಸ ಮುಗಿಯುವವರೆಗೆ ಅಲ್ಲೇ ಇದ್ದೆವು.

ಯಾವ ದೇಶ ಒಳ್ಳೇದು ಅಂತ ಕೇಳಬೇಡ. ನಲ್ಲಿ ಅಲ್ಲಿಯದು ಒಳ್ಳೇದು, ಜಗಳ ಇಲ್ಲಿಯದು. ಎಲ್ಲಿದ್ರೂ ಪಕ್ಕದ ಮನೆಗೆ ಅಂತ ಒಂದು ಕೊಡ ಹೆಚ್ಚು ತುಂಬಿಡು, ಅಷ್ಟೇ... ಏನಂತೆ? ಸಿಕ್ಕಿತಾ? ಎದುರುಮನೆಗೆ ಹೊಸದಾಗಿ ಬಂದವರ ನಲ್ಲಿ ಕೆಟ್ಟಿದೆಯಂತೆ. ನಿನ್ನ ಅಮ್ಮನೇ ಆ ಕೊಡ ತುಂಬಿಸಿ ಕೊಟ್ಟಿದ್ದಾಳೆ.