ಮೂರುಪ್ಪರಿಗೆಯ ಅರಮನೆ

ಹಲೋ... ಯಾರು ಮಾತಾಡೋದು? ಅಕ್ಕನಾ?... ಓ, ಪುಟ್ಟಿ ನೀನಾ. ನಾನು ಕಣೇ, ಚಿಕ್ಕಿ. ಮೊಬೈಲಿಗೆ ಚಾರ್ಜಿಲ್ಲ, ಮನೆಯ ಹಳೇ ಫೋನಿಂದ ಮಾಡ್ತಿದೀನಿ... ಹಾಂ, ನಿನ್ನ ಗಿನಿಪಿಗ್‌ಗಳು ಚೆನ್ನಾಗಿವೆ. ಅಂದ್ರೆ... ಇವೆ. ಮನೆಗೆ ಬಣ್ಣ ಬಳಿದು ಮುಗೀತಾ?... ವಾಸನೆ ಇನ್ನೂ ಹೋಗಿಲ್ವಾ?...

ಇರು, ಒಂದು ಕಥೆ ಹೇಳ್ತೀನಿ. ಒಂದಾನೊಂದು ಊರಿನಲ್ಲಿ ಒಬ್ಬ ಚಿಕ್ಕಮ್ಮ ಇದ್ದಳಂತೆ. ಅವಳ ಮನೆಗೆ ಗುಂಡ, ಮೀಸೆ ಎಂಬ ಇಬ್ಬರು ಅತಿಥಿಗಳು ಬಂದರಂತೆ. ಅಜ್ಜಿಯ ಕಥೆಗಳಲ್ಲಿ ಬರುವಂಥ ಏಳುಪ್ಪರಿಗೆಯ ಅರಮನೆಯನ್ನೇ ಅವರಿಗೆ ಕಟ್ಟಿಕೊಡುತ್ತೇನೆಂದು ಅವಳು ಹೊರಟಳಂತೆ...

ಹೂಂ, ಆ ಚಿಕ್ಕಮ್ಮ ನಾನೇ... ಏಳಾಗ್ಲಿಲ್ಲ, ಮೂರಕ್ಕೇ ರಟ್ಟು ಮುಗೀತು...

ಗೊತ್ತು ಕಣೇ, ನೀನು ಹೇಳಿದ್ದೆ. ಗೂಡು ನೆಲದ ಮೇಲೆ ಉದ್ದಕ್ಕಿರ್ಲಿ, ಓಡಾಡೋ ಹಾಗೆ ಅಂತ. ನಾನೂ ಹೂಂ ಅಂದಿದ್ದೆ. ಮನಸ್ಸು ಅರಮನೆಯ ಗೋಪುರದಲ್ಲಿತ್ತು... ಕಿಟಕಿ ಹತ್ರ ಇಟ್ಟೆ, ಚಂದ್ರ ಕಾಣ್ಲಿ ಅಂತ... ಅಲ್ವಾ, ಅವಕ್ಕೆ ಚಂದ್ರ ಯಾಕೆ. ತಣ್ಣನೆ ಗಾಳಿ ಹೊಡೀತು, ಅಷ್ಟೇ. ಒಂದು ಸಲಾನೂ ಮೆಟ್ಟಿಲು ಹತ್ಲಿಲ್ಲ. ಕೆಳಗೇ ಮೂಲೇಲಿ ಅಂಟಿಕೊಂಡು ಕೂತಿರ್ತಾವೆ...

ಮೀಸೆ ಹೇಗಿದ್ದಾನೆ ಅಂತಾನಾ?... ಮೀಸೆಗೆ ಕಾಲು ನೋವು. ನೆಲಕ್ಕೆ ತಂತಿ ಜಾಲರಿ ಹಾಕಿದ್ದೆ, ಗಲೀಜು ಕೆಳಗೆ ಬೀಳ್ಲಿ ಅಂತ. ಹಿಂದಿನ ಪಾದ ಕೆಂಪಾಗಿದೆ... ತೋರಿಸ್ದೆ, ತೋರಿಸ್ದೆ. ಪ್ರಾಣಿ ಡಾಕ್ಟರು ಮುಲಾಮು ಕೊಟ್ರು. ಜಾಲರಿ ತೆಗೀರಿ, ಇವು ಮೇಲೆ ಹತ್ತೋ ಜೀವಗಳಲ್ಲ, ಅಗಲವಾದ ಜಾಗ ಬೇಕು, ಮೆತ್ತಗೆ ಹಾಸಿ ಅಂದ್ರು... ಯಾವಾಗಾ? ಮೊನ್ನೆ...

ತೆಗೆದ್ಯಾ ಅಂದ್ರೆ... ಪುಟ್ಟಿ... ತೆಗೆದಿಲ್ಲ ಕಣೇ. ಮುಲಾಮು ಹಚ್ತೀನಿ, ಮತ್ತೆ ಅದರೊಳಗೇ ಬಿಡ್ತೀನಿ. ಜಾಲರಿ ತೆಗೀಬೇಕಂದ್ರೆ ಇಡೀ ಅರಮನೇನೇ ಕೀಳ್ಬೇಕು. ಗೋಪುರಕ್ಕೆ ಆಗಷ್ಟೇ ನೀಲಿ ಬಣ್ಣ ಬಳಿದಿದ್ದೆ. ಬಂದವರೆಲ್ಲ ಹೊಗಳ್ತಿದ್ರು. ಕೀಳೋಕೆ ಕೈ ಬರ್ಲಿಲ್ಲ...

ಅಳ್ಬೇಡ... ಏನು, ಅವನ್ನ ವಾಪಸ್ ಒಯ್ಯೋಕೆ ಅಪ್ಪ ಬರ್ತಾರಾ? ಚಪ್ಪಲಿ ಹಾಕ್ಕೊಂಡ್ರಾ?... ಬೇಡ ಕಣೇ. ಆ ಬಣ್ಣದ ವಾಸನೇಲಿ ಅವಕ್ಕೆ ಉಸಿರು ಕಟ್ಟುತ್ತೆ. ನನ್ನ ಮೇಲೆ ಎಷ್ಟು ಸಿಟ್ಟಾದ್ರೂ ಮಾಡ್ಕೋ, ಅವನ್ನ ಅಲ್ಲಿಗೆ ಒಯ್ಯಬೇಡಿ. ಫೋನ್ ಇಡ್ಬೇಡ. ಈಗ್ಲೇ ಕೀಳ್ತೀನಿ, ನೀನು ಕೇಳಿಸ್ಕೋ...

ಪರ್ ಅಂತು ನೋಡು, ಅದು ಗೋಪುರ... ಹಾಂ, ನೀಲೀದೇ... ಮೆಟ್ಟಿಲೂ ಹೋಯ್ತು... ಜಾಲರಿ ಆಚೆ ಎಸೆದೆ... ಬಾಗಿಲಿಂದ ಮಂಚದವರೆಗೆ ರಟ್ಟಿನ ಗೋಡೆ. ಬೀಳದ ಹಾಗೆ ನನ್ನ ಕಥೆ ಪುಸ್ತಕಗಳನ್ನೇ ಒತ್ತುಕೊಟ್ಟೆ... ಹಾಸೋಕೆ ನನ್ನ ಹೊದಿಕೆ, ಹೌದು, ಆ ಮೆತ್ತನೇದು... ಮೇಲೆ ಒಣಹುಲ್ಲು... ಬಚ್ಚಿಟ್ಕೊಳ್ಳೋಕೆ ಒಬ್ಬೊಬ್ಬರಿಗೊಂದು ಡಬ್ಬ... ಇಬ್ಬರನ್ನೂ ಒಳಗೆ ಬಿಟ್ಟೆ...

ಇಲ್ಲ, ಅಲ್ಲಾಡ್ತಿಲ್ಲ... ಗುಂಡ ಮೂಸ್ತಿದ್ದಾನೆ... ಓಡಿದ ಕಣೇ, ಆ ತುದಿಗೆ... ಮೀಸೆ ಇನ್ನೂ ಅಲ್ಲೇ... ಬಂದ, ಕುಂಟ್ಕೊಂಡು, ನಿಧಾನಕ್ಕೆ... ಕೇಳಿಸ್ತಾ? ವೀಕ್ ವೀಕ್ ಅಂತಿದ್ದಾನೆ. ಇಲ್ಲಿಗೆ ಬಂದ್ಮೇಲೆ ಇವತ್ತೇ ಬಾಯಿ ಬಿಟ್ಟಿದ್ದು...

ಅಪ್ಪ ಚಪ್ಪಲಿ ಬಿಟ್ರಾ?... ನಿಜವಾಗ್ಲೂ?...

ಕಥೆ ಮುಂದಕ್ಕಾ? ಮುಂದೆ ಆ ಅರಮನೆ ಬಿದ್ದುಹೋಯಿತಂತೆ, ಅತಿಥಿಗಳು... ಏಯ್ ಗುಂಡ, ಅದು ಹುಲ್ಲಲ್ಲ ಕಣೋ, ಫೋನಿನ ವಯ...