ಮೂವತ್ತೊಂದನೆಯ ಫ್ರೇಮ್

ಲೈಟು ಇರಲಿ, ಆರಿಸಬೇಡ. ಇದು ಯಾರೋ ಎಲ್ಲೋ ಕಂಡದ್ದಲ್ಲ... ಭಾಂಡುಪ್ ಚಾಳಿನ ಒಂದೇ ಖೋಲಿಯಲ್ಲಿ ಆರು ವರ್ಷ ನನ್ನ ಪಕ್ಕದಲ್ಲಿ ಮಲಗಿದ ಗುರುಪಾದನಿಗೆ ಆದದ್ದು. ದೆವ್ವ ಅಂದರೆ ನಗುತ್ತಿದ್ದವನು ನಾನು. ಮುಂಬೈಯಲ್ಲಿ ಬದುಕಿದ್ದವರಿಗೇ ಜಾಗ ಇಲ್ಲ, ಸತ್ತವರಿಗೆ ಖೋಲಿ ಕೊಡುವವರು ಯಾರು ಅಂತ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಆ ರಾತ್ರಿ ಅವನು ಕೊನೆಯ ಲೋಕಲ್ ರೈಲು ಇಳಿದು ನಡೆದು ಬರುತ್ತಿದ್ದ. ನಮ್ಮ ಚಾಳಿನ ಹಾದಿಯಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷವಾಯಿತು, ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಅದರ ಹತ್ತಿರ ಬಂದಾಗ ಸದ್ದು ಕೇಳಿತು. ಧಪ್... ಸರ್‍ರ್... ಧಪ್... ಸರ್‍ರ್... ಯಾರೋ ಮೇಲಿಂದ ಹಿಡಿ ಮಣ್ಣು ಬಿಡುತ್ತಿದ್ದಾರೆ, ಅದು ಬಿದ್ದು ಜಾರುತ್ತಿದೆ, ಹಾಗೆ. ಸೆಕೆಂಡಿಗೊಂದು. ಗುರುಪಾದ ನಿಂತು ಎಣಿಸಿದ. ಬಾವಿಯ ಸುತ್ತ ಒಂದು ನಾಯಿಯೂ ಇರಲಿಲ್ಲ.

ಖೋಲಿಗೆ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಮರೆಪ್ಪಣ್ಣ... ಬಾವ್ಯಾಗ ಯಾರೋ ಮಣ್ಣು ಹಾಕ್ಲಾಕತ್ತಾರ."

"ಬಿಲ್ಡರ್ ಮಂದಿ ಇರಬೇಕು. ಮಲ್ಕೋ."

"ಯಾರೂ ಇದ್ದಿಲ್ಲ."

ನಾನು ಮಗ್ಗಲು ಬದಲಿಸಿದೆ. ಬೆಳಗಾದರೆ ಟೈಲ್ಸ್ ಹಾಕುವ ಕೆಲಸ, ಬಾವಿಯ ಚಿಂತೆ ನನಗೇಕೆ.

ಅವನ ಕೆಲಸ ಕೇಳಿದರೆ ನೀನು ನಗುತ್ತೀಯ. ಸಾಂತಾಕ್ರೂಜ್‌ನ ಒಂದು ಆಫೀಸಿನಲ್ಲಿ ವಿಡಿಯೋ ನೋಡುವುದು. ವಿಡಿಯೋ ಅಂದರೆ ಸುಮ್ಮನೆ ಫೋಟೋಗಳ ಸಾಲು ಅಂತೆ. ಸೆಕೆಂಡಿಗೆ ಮೂವತ್ತು ಫೋಟೋ ಸರಸರ ಹೋದರೆ ನಮ್ಮ ಕಣ್ಣಿಗೆ ಮನುಷ್ಯ ನಡೆದ ಹಾಗೆ ಕಾಣುತ್ತದೆ. ಒಂದೊಂದು ಫೋಟೋಕ್ಕೂ ಫ್ರೇಮ್ ಅನ್ನುತ್ತಾರೆ. ಆನ್‌ಲೈನ್ ವಿಡಿಯೋ ಹಾಕಿದಾಗ ಫೋನು ಮೂವತ್ತನ್ನೂ ತೋರಿಸುತ್ತದೋ, ನಡುವೆ ಎರಡು ಮೂರು ನುಂಗುತ್ತದೋ, ಅದನ್ನು ಹಿಡಿಯಬೇಕು. ಎಂಟು ಫೋನು ಸಾಲಾಗಿ ನಿಲ್ಲಿಸಿ, ಎದುರಿಗೆ ಒಂದು ಜೋರು ಕ್ಯಾಮೆರಾ ಇಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ಸರಿಸಿ ಎಣಿಸುವುದು. ಟಿಕ್... ಟಿಕ್... ಟಿಕ್... ಅದಕ್ಕೆ ಸಂಬಳ. ನಾವು ಇಲ್ಲಿ ಮೊಣಕಾಲು ಸವೆಸುತ್ತೇವೆ!

ಇದಕ್ಕೂ ಒಂದು ತಿಂಗಳ ಹಿಂದೆ ಅವನ ಅವ್ವ ನೀಲಾಬಾಯಿ ತೀರಿಕೊಂಡಿದ್ದಳು. ಇಂಡಿ ಹತ್ತಿರದ ಹಳ್ಳಿ. ತಮ್ಮ ಕಾಶಿನಾಥ ಫೋನ್ ಮಾಡಿದಾಗ ರಾತ್ರಿ ಒಂಬತ್ತು. ಸೊಲ್ಲಾಪುರದ ಗಾಡಿ ಇತ್ತು. ಹತ್ತಿದ್ದರೆ ಮರುದಿನ ಮಧ್ಯಾಹ್ನಕ್ಕೆ ಮೊದಲೇ ಊರು. ಸಂಜೆತನಕ ತಡೆಯುತ್ತೇವೆ ಬಾ ಅಂತ ತಮ್ಮ ಅಂದ. ಇವನು ಏನಂದ ಗೊತ್ತೇ? ನಾನು ಅಲ್ಲೇ ಕೂತಿದ್ದೆ.

"ನನಗ ಕಾಯಬ್ಯಾಡ್ರಿ. ವಿಡಿಯೋ ಹಾಕ್ರಿ, ನೋಡ್ತೀನಿ."

ಆ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು, ನಿಜ. ಆದರೆ ರಜೆ ಕೇಳಿದ್ದರೆ ಕೊಡುತ್ತಿದ್ದರು. ಕೇಳಲೇ ಇಲ್ಲ. ನಮ್ಮ ಕಡೆ ಹೆತ್ತವಳಿಗೆ ಮಣ್ಣು ಕೊಡಲು ಹೋಗದ ಮಗನನ್ನು ಊರವರು ಏಳು ತಲೆಮಾರು ನೆನೆಯುತ್ತಾರೆ. ನನಗೆ ಸಿಟ್ಟು ಬಂದಿತ್ತು, ನಾಲ್ಕು ದಿನ ಮಾತು ಬಿಟ್ಟೆ. ಅವನಿಗೆ ಅದೂ ತಿಳಿದಂತೆ ಕಾಣಲಿಲ್ಲ. ಉಂಡ, ಮಲಗಿದ, ಕೆಲಸಕ್ಕೆ ಹೋದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಾಶಿನಾಥ ವಿಡಿಯೋ ಆನ್‌ಲೈನ್ ಹಾಕಿ ಮನೆಯ ಗ್ರೂಪಿಗೆ ಲಿಂಕ್ ಕಳಿಸಿದ್ದ. ಇವನು ತೆರೆದಿರಲೂ ಇಲ್ಲ.

ಬಾವಿಯ ಸದ್ದು ಕೇಳಿದ ಮರುರಾತ್ರಿ ಆದದ್ದನ್ನು ನನಗೆ ಹೇಳಿದವನು ಸೊಹೈಲ. ವಿಜಯಪುರದವನು, ಗುರುಪಾದನ ಜೊತೆ ಕೆಲಸ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜಾತಿ.

ಪರೀಕ್ಷೆಗೆ ಇದ್ದ ವಿಡಿಯೋಗಳೆಲ್ಲ ಮುಗಿದಿದ್ದವಂತೆ. ಫೋನಿನಲ್ಲಿ ತೆಗೆದ ಉದ್ದನೆಯದು, ಜನ ಓಡಾಡುವಂಥದು ಯಾವುದಾದರೂ ಇದೆಯೇ ಅಂತ ಸೊಹೈಲ ಕೇಳಿದ. ಗುರುಪಾದ ಗ್ರೂಪಿನಿಂದ ಆ ಲಿಂಕ್ ತೆಗೆದು ಕೊಟ್ಟ. ನೋಡು... ಎಂಥ ಮನುಷ್ಯ!

ಎಂಟು ಫೋನಿನಲ್ಲಿ ಒಟ್ಟಿಗೆ ಶುರುವಾಯಿತು. ಹನ್ನೊಂದು ನಿಮಿಷ. ಕುಣಿಯೊಳಗೆ ವಿಭೂತಿ ಹಚ್ಚಿ ಕೂರಿಸಿದ ಮುದುಕಿ. ಕಣ್ಣು ಮುಚ್ಚಿವೆ. ಆಚೆ ಈಚೆ ಸಾಲಾಗಿ ಬಂದು ಹಿಡಿ ಹಿಡಿ ಮಣ್ಣು ಬಿಡುವ ಜನ. ಸದ್ದು ಬಂದ್ ಮಾಡಿದ್ದರು. ಎಸಿ ಮಾತ್ರ ಗುಂಯ್ ಅನ್ನುತ್ತಿತ್ತು.

"ಯಾರ್ ಭಾಯ್ ಇವ್ರು?"

"ನಮ್ಮವ್ವ."

ಸೊಹೈಲ ನಿಲ್ಲಿಸಲು ಕೈ ಚಾಚಿದ. "ಇರ್‍ಲಿ," ಅಂದ ಇವನು. "ಟೆಸ್ಟ್ ಮುಗೀಲಿ."

ಎಣಿಸಲು ಕೂತರು. ಟಿಕ್... ಟಿಕ್... ಮೊದಲ ಸೆಕೆಂಡು, ಮೂವತ್ತೊಂದು. ಎರಡನೆಯದು, ಮೂವತ್ತೊಂದು. ಎಂಟೂ ಫೋನಿನಲ್ಲಿ ಅದೇ. ಫ್ರೇಮ್ ಬಿಟ್ಟುಹೋಗುವುದುಂಟು, ಹೆಚ್ಚಿಗೆ ಬರುವುದು ಎಲ್ಲಿಂದ? ಕಂಪ್ಯೂಟರಿಗೆ ಇಳಿಸಿಕೊಂಡ ಫೈಲಿನಲ್ಲಿ ಮೂವತ್ತೇ ಇದ್ದವು. ಸೊಹೈಲ ಕ್ಯಾಮೆರಾದಲ್ಲಿ ಸಿಕ್ಕ ಆ ಹೆಚ್ಚಿನ ಫ್ರೇಮ್‌ಗಳನ್ನಷ್ಟೇ ಆರಿಸಿದ. ಸೆಕೆಂಡಿಗೊಂದರಂತೆ ಆರುನೂರಾ ಅರವತ್ತು. ಜೋಡಿಸಿ ಓಡಿಸಿದರೆ ಇಪ್ಪತ್ತೆರಡು ಸೆಕೆಂಡು.

ಓಡಿಸಿದ.

ಅದರಲ್ಲಿ ಮುದುಕಿಯ ಕಣ್ಣು ತೆರೆದಿದ್ದವು. ಮಣ್ಣು ಕೊಡಲು ಬಂದವರ ಮುಖ ಒಂದೊಂದಾಗಿ ನೋಡುತ್ತಿದ್ದಳು. ಎಡಗಡೆಯಿಂದ ಬಲಗಡೆಗೆ... ಮತ್ತೆ ಬಲದಿಂದ ಎಡಕ್ಕೆ... ಸಂತೆಯಲ್ಲಿ ಕೈಬಿಟ್ಟ ಕೂಸನ್ನು ಹುಡುಕುವಂತೆ. ಮಣ್ಣು ಎದೆಮಟ್ಟ ಬಂದಿತ್ತು. ಕೊನೆಗೆ ನೇರ ಎದುರಿಗೆ ನೋಡಿದಳು. ತುಟಿ ಅಲ್ಲಾಡಿತು.

"ಏನೋ ಅಂದ್ರು, ಭಾಯ್," ಅಂತ ಸೊಹೈಲ ಪಿಸುಗುಟ್ಟಿದ.

ಗುರುಪಾದ ಆ ಒಂದು ಸೆಕೆಂಡನ್ನು ಮೂರು ಸಲ ಓಡಿಸಿದ. ಆಮೇಲೆ ಅಂದ, "ತಡೀರಿ ಅಂದಳು."

ಎದ್ದು, ಬ್ಯಾಗು ತಗೊಂಡು ಖೋಲಿಗೆ ಬಂದುಬಿಟ್ಟ. ನನ್ನನ್ನು ಎಬ್ಬಿಸಿ, ಊರಿಗೆ ಹೋಗಬೇಕು, ಒಬ್ಬನೇ ಹೋಗಲಾರೆ ಅಂದ. ಮುಖ ನೋಡಿದೆ. ಹೆದರಿಕೆ ಇಲ್ಲ, ದುಃಖ ಇಲ್ಲ. ಒರೆಸಿಟ್ಟ ತಾಟಿನ ಹಾಗಿತ್ತು. ಆ ಮುಖಕ್ಕೇ ಹೆದರಿ ಜೊತೆಗೆ ಹೋದೆ.

ಸೊಲ್ಲಾಪುರದಲ್ಲಿ ಇಳಿದು ಬಸ್ಸು ಹಿಡಿದು ಊರು ಮುಟ್ಟಿದಾಗ ಸಂಜೆ. ಕಾಶಿನಾಥ ಬೈಯಲಿಲ್ಲ. ಅವನ ಹೆಂಡತಿ ಮಹಾದೇವಿ ಚಹಾ ಕೊಟ್ಟಳು. ಗುರುಪಾದ ಮೊದಲು ಕೇಳಿದ್ದು ಒಂದೇ, ಕುಣಿಯ ಹತ್ತಿರದ ವಿಡಿಯೋ ಯಾರು ತೆಗೆದರು ಅಂತ.

ಕಾಶಿನಾಥ ನಮ್ಮಿಬ್ಬರ ಮುಖ ನೋಡಿದ. ಕುಣಿಯ ಹತ್ತಿರ ಯಾರೂ ತೆಗೆದಿಲ್ಲ, ಹೊಲದ ಬದು ದಾಟಿದ ಮೇಲೆ ಫೋನು ಕಿಸೆಗೆ ಹಾಕಿದೆ ಅಂದ. ಲಿಂಕ್ ತೆರೆದು ತೋರಿಸಿದ. ಮೂರು ನಿಮಿಷ. ಮೆರವಣಿಗೆ, ಬದು, ಅಲ್ಲಿಗೆ ಮುಗಿಯಿತು. ಸೊಹೈಲನಿಗೆ ಫೋನ್ ಮಾಡಿ ನೋಡಿಸಿದೆ. ಅವನಿಗೂ ಈಗ ಮೂರೇ ನಿಮಿಷ.

ಗುರುಪಾದ ಅದೇ ಸಪ್ಪೆ ದನಿಯಲ್ಲಿ ತಾನು ಕಂಡದ್ದನ್ನು ಹೇಳತೊಡಗಿದ. ಹಸಿರು ಸೀರೆ. ಹಣೆಯ ಮೇಲೆ ಅಡ್ಡ ಅಂಟಿದ್ದ ಬಿಲ್ವದ ಎಲೆ. ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು, ಎಲ್ಲ ಹಾಗೇ ಇತ್ತಂತೆ.

"ಎಲ್ಲಿ ನಿಂತು ತಗದಂಗ ಕಾಣ್ತಿತ್ತು?" ಕಾಶಿನಾಥ ಕೇಳಿದ.

"ಅವ್ವನ ಮಾರಿ ಎದುರಿಗೆ. ಕುಣಿ ದಂಡಿಮ್ಯಾಲೆ."

ಕಾಶಿನಾಥ ಕೈಯಲ್ಲಿದ್ದ ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟ.

"ಅಲ್ಲಿ ಹಿರೇಮಗ ನಿಲ್ಲಬೇಕು, ಅಣ್ಣ. ನಮ್ಮ ಮನಿ ಪದ್ಧತಿ. ಅಲ್ಲಿ ಯಾರಿಗೂ ನಿಂದ್ರಾಕ ಬಿಡಲಿಲ್ಲ. ನಿಂದು ಅಂತ ಖಾಲಿ ಇಟ್ಟಿದ್ವಿ."

ಗುರುಪಾದ "ಹೌದಾ" ಅಂದ. ಬಸಿಯಲ್ಲಿ ಉಳಿದ ಚಹಾ ಕುಡಿದ. ನಾನು ಅದೇ ಚಾಪೆಯ ಮೇಲೆ, ಅವನಿಗೆ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆ. ಇದರಲ್ಲಿ ಒಂದು ಮಾತೂ ನಾನು ಸೇರಿಸಿದ್ದಲ್ಲ.