ಬಾಯಿ ತಾಗಿಸುವಷ್ಟು

ಇಂದಿನ ಸಭೆಯ ಅಧ್ಯಕ್ಷರೂ, ಒಂದು ಕಾಲದಲ್ಲಿ ನನ್ನ ಪಾಠ ನಡೆಯುತ್ತಿರುವಾಗಲೇ ಕಿಟಕಿಯಿಂದ ಹಾರಿ ಓಡಿಹೋಗುತ್ತಿದ್ದವರೂ, ಈಗ ಅದೇ ಕಿಟಕಿಗಳಿಗೆ ಸರಳು ಹಾಕಿಸಿರುವ ಮುಖ್ಯೋಪಾಧ್ಯಾಯರೂ ಆದ ಮಾನ್ಯ ಎಸೆನ್‌ಬೆಕ್ ಅವರೇ; ಶಿಕ್ಷಣ ಇಲಾಖೆಯ ಪರವಾಗಿ ನನಗೆ ಶಾಲು ಹೊದಿಸಿದ ಮಾನ್ಯ ಮೈರಾಮ್‌ಕನ್ ಅವರೇ; ಬೆಳಿಗ್ಗೆ, ಶಾಲೆ ಮುಗಿಸಿ ಹೋಗುವವರಿಗೆಂದು ಬಾರಿಸುವ ಕೊನೆಯ ಗಂಟೆ ಕೇಳಿ ಅತ್ತು, ಈಗ ಯಾವಾಗ ಬಿಡುತ್ತಾರೋ ಎಂದು ಬಾಗಿಲ ಕಡೆ ನೋಡುತ್ತಿರುವ ಹನ್ನೊಂದನೇ ತರಗತಿಯ ಮಕ್ಕಳೇ; ಸಹೋದ್ಯೋಗಿಗಳೇ, ನಾರಿನ್ ಪಟ್ಟಣದ ಬಂಧುಗಳೇ, ಸಭಿಕರೇ,

ನಿವೃತ್ತಿಯ ದಿನ ಎರಡು ಮಾತಾಡಬೇಕು ಎಂದರು. ಎರಡೇ ಮಾತಾಡುವ ಅಭ್ಯಾಸ ನನಗಿಲ್ಲ ಎಂಬುದು ನನ್ನ ಕೈಕೆಳಗೆ ಓದಿದವರಿಗೆಲ್ಲ ಗೊತ್ತು. ಆದರೂ ಕಾರ್ಯಕ್ರಮದ ಕ್ರಮವನ್ನು ಓದಿ ಹೇಳಿದಾಗ ನಾನೂ ಕೇಳಿಸಿಕೊಂಡೆ. ನನ್ನ ಭಾಷಣ ಮುಗಿದ ಮೇಲೆ ಕೇಕು ಕತ್ತರಿಸುವುದು. ಆಮೇಲೆ ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಬಾತ್ಮಾ ಅವರು ತಮ್ಮ ಕೈಯಾರೆ ನನಗೆ ಮೊದಲ ತುಂಡು ತಿನ್ನಿಸುವುದು. ಎಷ್ಟು ಚೆಂದದ ಏರ್ಪಾಡು! ಏರ್ಪಾಡು ಮಾಡಿದವರು ಚಿಕ್ಕ ವಯಸ್ಸಿನವರು. ಹೋದ ಶರತ್ಕಾಲದಿಂದ ಬಾತ್ಮಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆಂಬುದು ಅವರಿಗೆ ಗೊತ್ತಿಲ್ಲ. ಗೊತ್ತಿರುವವರು ಈಗ ನೆಲ ನೋಡುತ್ತಿದ್ದೀರಿ, ನನಗೆ ಇಲ್ಲಿಂದ ಎಲ್ಲ ಕಾಣುತ್ತದೆ. ಆದ್ದರಿಂದ ಕೇಕು ಬರುವ ಮುನ್ನ ನಾನು ಒಂದಿಷ್ಟು ವಿಷಯ ಹೇಳಿ ಮುಗಿಸಬೇಕು. ಹೇಳದಿದ್ದರೆ ಬಾತ್ಮಾ ತುಂಡು ಹಿಡಿದು ನಿಂತಾಗ ನಾನು ಏನು ಮಾಡಿದರೂ ತಪ್ಪಾಗುತ್ತದೆ.

ನಾನು ಈ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದೆ. ನಮ್ಮ ಪ್ರಯೋಗಾಲಯದಲ್ಲಿ ಹೊಟ್ಟೆ ಬಿಚ್ಚಿದ ಪ್ಲಾಸ್ಟಿಕ್ ಮನುಷ್ಯನೊಬ್ಬ ನಿಂತಿದ್ದಾನೆ. ಅವನ ಯಕೃತ್ತು ತೆಗೆದು ಹಾಕಬಹುದು, ಹೃದಯ ತೆಗೆದು ಹಾಕಬಹುದು. ಮೇದೋಜೀರಕ ಗ್ರಂಥಿ ಮಾತ್ರ ಇಲ್ಲ. ಯಾವನೋ ಪುಣ್ಯಾತ್ಮ ಮನೆಗೆ ಒಯ್ದ, ವಾಪಸು ಬರಲಿಲ್ಲ. ಅಂದಿನಿಂದ ನಾನು ಆ ಖಾಲಿ ಜಾಗಕ್ಕೆ ಬೆರಳಿಟ್ಟು, "ಮಕ್ಕಳೇ, ಇಲ್ಲಿ ಒಂದು ಗ್ರಂಥಿ ಇದೆ ಅಂತ ತಿಳ್ಕೊಳ್ಳಿ, ಇದು ಕೆಲಸ ನಿಲ್ಲಿಸಿದರೆ ಮನುಷ್ಯನಿಗೆ ತಿಂದದ್ದು ದಕ್ಕೋದಿಲ್ಲ" ಎಂದು ಪಾಠ ಮಾಡುತ್ತಾ ಬಂದೆ. ಎಷ್ಟು ವರ್ಷ ಮಾಡಿದೆ? ಕೇಳಬೇಡಿ. ಪರೀಕ್ಷೆಯಲ್ಲಿ ಆ ಗ್ರಂಥಿಯ ಹೆಸರು ತಪ್ಪು ಬರೆದವರಿಗೆ ನಾನು ಒಂದು ಅಂಕವನ್ನೂ ಬಿಟ್ಟುಕೊಟ್ಟವಳಲ್ಲ.

ಹೋದ ಬೇಸಿಗೆಯಲ್ಲಿ ನನಗೆ ವಿಪರೀತ ಬಾಯಾರಿಕೆ ಶುರುವಾಯಿತು. ಎಷ್ಟು ಚಹಾ ಕುಡಿದರೂ ಸಾಲದು. ನನ್ನ ಸೊಸೆ ಎಲ್ನುರಾ ಒಲೆಯ ಮೇಲಿನ ಕೆಟಲ್ ಇಳಿಸುವ ಹಾಗಿರಲಿಲ್ಲ. "ಅತ್ತೆ, ನೀವು ಕುಡಿಯೋದು ನೋಡಿದ್ರೆ ನಾರಿನ್ ನದೀನೇ ಬತ್ತಿ ಹೋಗುತ್ತೆ" ಎಂದಳು. ನಾನು ನಕ್ಕೆ. ಬಾಯಾರಿಕೆ ಯಾವುದರ ಲಕ್ಷಣ ಎಂದು ಕಪ್ಪು ಹಲಗೆಯ ಮೇಲೆ ಬರೆದು ಬರೆದು ಕೈ ಸವೆಸಿಕೊಂಡವಳು ನಾನೇ. ಆದರೆ ಹಲಗೆಯ ಮೇಲೆ ಬರೆಯುವುದು ಬೇರೆಯವರ ಶರೀರ. ನಮ್ಮದು ನಮ್ಮದೇ ಅಲ್ಲವೇ?

ಆಸ್ಪತ್ರೆಯಲ್ಲಿ ವೈದ್ಯ ಯಾರು ಗೊತ್ತೇ? ನಮ್ಮ ತಾಲಾಯ್. ಅದೋ ಅಲ್ಲಿ, ಗೋಡೆಗೆ ಒರಗಿ ನಿಂತಿದ್ದಾನೆ. ಜೀವಶಾಸ್ತ್ರದಲ್ಲಿ ಅವನಿಗೆ ನಾನು ಐದಕ್ಕೆ ಮೂರು ಕೊಟ್ಟಿದ್ದೆ. ರಕ್ತ ಪರೀಕ್ಷೆಯ ಚೀಟಿ ನೋಡಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಅಕ್ಕಾ, ಆರರ ಒಳಗೆ ಇರಬೇಕಾದದ್ದು ಹದಿನಾಲ್ಕು ಇದೆ."

"ಯಾರದ್ದು?" ಎಂದೆ.

"ನಿಮ್ಮದೇ ಅಕ್ಕಾ. ಇಲ್ಲಿ ಇನ್ಯಾರಿದ್ದಾರೆ?"

ಸಭಿಕರೇ, ನನಗೆ ಸಕ್ಕರೆ ಕಾಯಿಲೆ ಇದೆ. ಇಗೋ, ಹೇಳಿಯಾಯಿತು. ದಯವಿಟ್ಟು ಯಾರೂ ಲೊಚಗುಟ್ಟಬೇಡಿ. ಎಡಗಡೆ ಸಾಲಿನಲ್ಲಿ ಕೂತ ಅಜ್ಜಿಯಂದಿರೇ, ನಿಮಗೇ ಹೇಳುತ್ತಿರುವುದು. ನಾನಿನ್ನೂ ನಿಂತೇ ಮಾತಾಡುತ್ತಿದ್ದೇನೆ.

ಆಮೇಲೆ ನಾನು ಏನು ಮಾಡಿದೆ? ಜೀವಶಾಸ್ತ್ರದ ಶಿಕ್ಷಕಿ ಏನು ಮಾಡಬೇಕೋ ಅದನ್ನು ಮಾಡಲಿಲ್ಲ, ನಾರಿನ್‌ನ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಕಾಯಿಲೆಯ ಹೆಸರು ಸಕ್ಕರೆ ತಾನೇ? ಸಕ್ಕರೆ ಬಟ್ಟಲನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಚಹಾಕ್ಕೆ ಆತ್-ಬಾಶಿಯ ಬಿಳಿ ಜೇನು ಹಾಕಿಕೊಂಡೆ. ಆ ಜೇನು ಕೆಮ್ಮಿಗೆ ಔಷಧಿ, ಹೊಟ್ಟೆಗೆ ಔಷಧಿ, ಬಾಣಂತಿಗೆ ಔಷಧಿ. ನನಗೆ ಮಾತ್ರ ವಿಷವಾದೀತೇ? ತಾಲಾಯ್ ಕೊಟ್ಟ ಮಾತ್ರೆಯನ್ನೂ ಅದೇ ಜೇನಿನ ಚಹಾದಲ್ಲೇ ನುಂಗಿದೆ. ತಿಂಗಳು ಕಳೆದು ಪರೀಕ್ಷೆ ಮಾಡಿದರೆ ಅದು ಇಳಿಯುವ ಬದಲು ಏರಿ ಕೂತಿತ್ತು. ತಾಲಾಯ್ ಚೀಟಿಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ.

"ಅಕ್ಕಾ, ಜೇನು ಯಾವ ವರ್ಗಕ್ಕೆ ಸೇರುತ್ತೆ?"

ನಾನು ಎದ್ದು ನಿಂತೆ. ನಿಜವಾಗಿಯೂ ಎದ್ದು ನಿಂತೆ, ಮಕ್ಕಳೇ. "ಶರ್ಕರ" ಎಂದೆ.

"ನೂಡಲ್ಸು? ರೊಟ್ಟಿ? ಎಣ್ಣೇಲಿ ಕರಿದ ಬೋರ್ಸೋಕ್?"

"ಹಿಟ್ಟು... ಅದೂ ಒಳಗೆ ಹೋಗಿ ಶರ್ಕರವೇ ಆಗುತ್ತೆ."

"ಕೂತ್ಕೊಳ್ಳಿ. ಮೂರು ಅಂಕ" ಎಂದ. ಸೇಡು ತೀರಿಸಿಕೊಂಡ ಬಡವ!

ಅಂದಿನಿಂದ ಬಾಯಿ ಕಟ್ಟಿದ್ದೇನೆ. ಮಾತ್ರೆ ನುಂಗುತ್ತೇನೆ, ಸಂಜೆ ನದಿಯ ದಂಡೆಯಲ್ಲಿ ಸೇತುವೆಯವರೆಗೆ ನಡೆಯುತ್ತೇನೆ. ಈಗ ಲೆಕ್ಕ ಹಿಡಿತದಲ್ಲಿದೆ ಎಂದು ತಾಲಾಯ್ ಹೇಳುತ್ತಾನೆ. ಕಾಯಿಲೆ ದೊಡ್ಡ ವಿಷಯವಲ್ಲ. ಹಾಗಾದರೆ ಯಾಕೆ ಇಷ್ಟು ದಿನ ಯಾರಿಗೂ ಹೇಳಲಿಲ್ಲ ಎಂದು ನೀವು ಕೇಳಬಹುದು. ಕೇಳಿ.

ನಮ್ಮ ಬೀದಿಯಲ್ಲಿ ಸಾತಾರ್ ಎಂಬ ಹಿರಿಯರಿದ್ದರು. ಮದುವೆ ಮನೆಗಳಲ್ಲಿ ಮೊದಲು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದವರು ಅವರೇ, ಮೊದಲ ಮಾಂಸದ ಪಾಲು ಹೋಗುತ್ತಿದ್ದದ್ದೂ ಅವರ ಮುಂದಕ್ಕೇ. ಈ ಕಾಯಿಲೆ ಬಂತು ಎಂದು ಅವರು ಬಾಯಿಬಿಟ್ಟು ಹೇಳಿದ್ದೇ ತಡ, ಊರು ಅವರನ್ನು 'ಸಕ್ಕರೆ ಸಾತಾರ್' ಎಂದಿತು. ಪ್ರೀತಿಯಿಂದಲೇ ಎಂದಿತು. ಅವರು ಕೂತಿರುವಾಗಲೇ, ಅವರ ತಲೆಯ ಮೇಲಿಂದ, "ಅವ್ರಿಗೆ ಕೊಡ್ಬೇಡ್ರಪ್ಪಾ, ಪಾಪ, ಅವ್ರಿಗೆ ಆಗಲ್ಲ" ಎನ್ನುತ್ತಿದ್ದರು. ಮೊದಲು ಹಣ್ಣಿನ ಜಾಮ್‌ನ ಬಟ್ಟಲು ಅವರ ಮುಂದಿನಿಂದ ಸರಿಯಿತು. ಆಮೇಲೆ ಮಾಂಸದ ಪಾಲೂ ಸರಿಯಿತು, ಅದಕ್ಕೂ ಸಕ್ಕರೆಗೂ ಏನು ಸಂಬಂಧವೋ! ಕೊನೆಗೆ ಆಶೀರ್ವಾದವನ್ನೂ ಬೇರೆಯವರ ಕೈಲಿ ಮಾಡಿಸಿದರು. ಸಾತಾರ್ ಬಾಗಿಲ ಪಕ್ಕ ಕೂತು ಸಪ್ಪೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅವರು ತೀರಿಕೊಂಡಾಗ ಊರೆಲ್ಲ ಸೇರಿ ಅತ್ತಿತು. ಬದುಕಿದ್ದಾಗ ಒಬ್ಬರೂ ಅವರನ್ನು ಹಿಂದಿನ ಹಾಗೆ ನೋಡಲಿಲ್ಲ. ನನಗೆ ಹೆದರಿಕೆಯಾದದ್ದು ಕಣ್ಣು ಹೋದೀತು, ಕಾಲು ಹೋದೀತು ಎಂದಲ್ಲ. ಬಾಗಿಲ ಪಕ್ಕದ ಆ ಜಾಗಕ್ಕೆ ಹೆದರಿದೆ. ಗಂಡನಿಲ್ಲದ ಹೆಂಗಸಿಗೆ ಈ ಊರಲ್ಲಿ ಇರುವುದೇ ಕರೆದ ಮನೆಗಳು. ಅಲ್ಲಿಯೂ 'ಪಾಪ' ಎನ್ನಿಸಿಕೊಂಡು ಕೂರಲು ನನ್ನಿಂದಾಗದು.

ಅದಕ್ಕೇ ಒಂದು ಮನೆಯಲ್ಲಿ ಹೊಟ್ಟೆ ಸರಿಯಿಲ್ಲ ಎಂದೆ, ಇನ್ನೊಂದು ಮನೆಯಲ್ಲಿ ಈಗಷ್ಟೇ ತಿಂದು ಬಂದೆ ಎಂದೆ. ಎಲ್ಲ ಸಾಂಗವಾಗಿ ನಡೆಯುತ್ತಿತ್ತು, ಬಾತ್ಮಾಳ ಮೊಮ್ಮಗಳು ಮೊದಲ ಹೆಜ್ಜೆ ಇಡುವವರೆಗೆ.

ಆ ಮೊದಲ ಹೆಜ್ಜೆಯ ಹಬ್ಬಕ್ಕೆ ನಿಮ್ಮಲ್ಲಿ ಬಹಳ ಜನ ಬಂದಿದ್ದಿರಿ. ಮಗುವಿನ ಕಾಲಿಗೆ ಕಟ್ಟಿದ ಕಪ್ಪು-ಬಿಳಿ ದಾರ ಕತ್ತರಿಸಿದ್ದು, ಅದು ನಾಲ್ಕು ಹೆಜ್ಜೆ ನಡೆದು ಪೊತ್ತೆಂದು ಕುಳಿತದ್ದು, ಎಲ್ಲ ನೋಡಿದ್ದೀರಿ. ಬಾತ್ಮಾ ಬೆಳಗಿನ ಜಾವವೇ ಎದ್ದು ತಾನೇ ಕರಿದ ಬೋರ್ಸೋಕ್ ತಂದಳು. ಜೇನಿನಲ್ಲಿ ಅದ್ದಿ ನನ್ನ ಬಾಯಿಯ ಹತ್ತಿರ ಹಿಡಿದಳು. "ಓಜ್ ತಿಯ್, ಜೂರಾ, ಬಾಯಿ ತಾಗಿಸು. ನನ್ನ ಕೂಸಿಗೆ ನಿನ್ನ ಬಾಯಿಂದ ಒಂದು ಒಳ್ಳೆ ಮಾತು ಬರಲಿ." ನಾನು ಹಲ್ಲುನೋವು ಎಂದೆ. ಅವಳು ನನ್ನ ದವಡೆ ಮುಟ್ಟಿ ನೋಡಿ, "ಯಾವ ಕಡೆ?" ಎಂದಳು. ಬಲಗಡೆ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಮರೆತು ಎಡಗಡೆ ಹಿಡಿದುಕೊಂಡು ಕೂತೆ. ಅವಳು ನೋಡಿದಳು.

ಹೊರಡುವಾಗ ಎಲ್ಲರಿಗೂ ಕೊಡುವ ಹಾಗೆ ನನಗೂ ಕೆಶಿಕ್‌ನ ಚೀಲ, ಹಬ್ಬದ ಒಳಿತು ಮನೆಗೂ ಬರಲೆಂದು ಕಟ್ಟಿಕೊಡುವ ಪಾಲು, ಕೊಟ್ಟಳು. ಬೋರ್ಸೋಕ್, ಮಿಠಾಯಿ, ಮಾಂಸ, ಎಲ್ಲ ಮೇಲೆ ಬರುವಷ್ಟು ತುಂಬಿದ್ದಳು. ಅದನ್ನು ಮನೆಗೆ ಒಯ್ದರೆ ನಾನು ತಿನ್ನದೆ ಬಿಡುವುದಿಲ್ಲವೆಂದು ನನಗೆ ಗೊತ್ತು. ಬೋರ್ಸೋಕಿನ ವಾಸನೆ ದಾರಿಯುದ್ದಕ್ಕೂ ಮೂಗಿಗೆ ಬಡಿಯುತ್ತಿತ್ತು. ವ್ಯಾನಿನಿಂದ ಇಳಿಯುವಾಗ ಚೀಲವನ್ನು ಚಾಲಕನ ಕೈಗೆ ಕೊಟ್ಟುಬಿಟ್ಟೆ. ನಾರಿನ್‌ನಲ್ಲಿ ಯಾರಿಗೂ ನೆಂಟನಲ್ಲದ ಚಾಲಕ ಒಬ್ಬನಾದರೂ ಇದ್ದಾನೆಯೇ? ನಾನು ಮನೆ ತಲುಪಿ ಬೂಟು ಬಿಚ್ಚುವಷ್ಟರಲ್ಲಿ ಸುದ್ದಿ ಬಾತ್ಮಾಳ ಕಿವಿಗೆ ಬಿದ್ದಿತ್ತು.

ಫೋನು ಬಂತು. "ನನ್ನ ಕೂಸಿನ ಪಾಲಿನ ಒಳ್ಳೇದನ್ನ ದಾರೀಲಿ ಬಿಟ್ಟು ಹೋದ್ಯಂತೆ?"

"ಚಾಲಕನಿಗೂ ಬಾಯಿ ಇದೆ ಬಾತ್ಮಾ" ಎಂದೆ.

ಅದು ನಾನು ಆಡಿದ ಮಾತು. ಈಗ ಯೋಚಿಸಿದರೆ, ಅವಳು ಒಂದು ಮಾತು ಹೆಚ್ಚು ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೇನೋ. ಅವಳು ಕೇಳಲಿಲ್ಲ, ಫೋನು ಇಟ್ಟಳು. ಚಳಿಗಾಲದಲ್ಲಿ ಮಗುವಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿಸಿದರು. ನಾನು ನೋಡಲು ಹೋದೆ. ಬಾತ್ಮಾ ವಾರ್ಡಿನ ಬಾಗಿಲಲ್ಲೇ ನಿಂತು ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತು. ಒಳ್ಳೆಯದನ್ನು ಹಂಚಿಕೊಳ್ಳದೆ ಎದ್ದು ಹೋದವಳು ಕೆಟ್ಟದ್ದನ್ನು ಬಿಟ್ಟು ಹೋಗಿದ್ದಾಳೆ ಎಂದು. ನಾನು ಎರಡು ಬೀದಿ ಅಳುತ್ತಾ ನಡೆದೆ. ಶಿಕ್ಷಕಿ ಅಳುವುದನ್ನು ಯಾರೂ ನೋಡಬಾರದೆಂದು ಶಾಲನ್ನು ಮೂಗಿನವರೆಗೆ ಎಳೆದುಕೊಂಡಿದ್ದೆ. ಮಗು ಹುಷಾರಾಯಿತು. ಅದೋ ನೋಡಿ, ಕುರ್ಚಿಗಳ ನಡುವೆ ಓಡುತ್ತಿದೆ, ಯಾರಾದರೂ ಹಿಡಿದುಕೊಳ್ಳಿ, ಮೈಕಿನ ವಯರು ಎಡವೀತು.

ಸಭಿಕರೇ, ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಶಿಕ್ಷಣ ಇಲಾಖೆಯ ಮಾನ್ಯರು ಗಡಿಯಾರ ನೋಡುತ್ತಿದ್ದಾರೆ. ಇನ್ನೊಂದೇ ಒಂದು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಟಾಗ ಎಲ್ನುರಾ ರೊಟ್ಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು. "ಅತ್ತೆ, ಓಜ್ ತಿಯ್, ಹಾಗೇ ಹೋಗ್ಬೇಡಿ." ನಾನು ಒಂದು ಕಾಲಿಗೆ ಬೂಟು ಹಾಕುತ್ತಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಅಷ್ಟೇ. ಅವಳಿಗೂ ಸಮಾಧಾನ, ನನಗೂ ಸಮಾಧಾನ. ಮೆಟ್ಟಿಲಿಳಿಯುವಾಗ ಹೊಳೆಯಿತು: ಹೊಸ್ತಿಲಲ್ಲಿ ಅದೇ ಮಾತಿಗೆ ಒಂದು ಚೂರು ಸಾಕು, ಕೂತು ಉಣ್ಣುವಾಗ ಮಾತ್ರ ಅದೇ ಮಾತಿಗೆ ತಟ್ಟೆ ಖಾಲಿಯಾಗಬೇಕು. ಯಾಕೆ? 'ಬಾಯಿ ತಾಗಿಸು' ಎಂದರು ನಮ್ಮ ಹಿರಿಯರು. 'ಹೊಟ್ಟೆ ತುಂಬಿಸು' ಎನ್ನಲಿಲ್ಲ. ಮಾತನ್ನು ಅವರು ಅಳತೆಯಿಟ್ಟೇ ಹೇಳಿದ್ದರು. ನಾವು ಪ್ರೀತಿ ಹೆಚ್ಚಾಗಿ ಅದನ್ನು ಉಬ್ಬಿಸಿದೆವು. ನಾನೂ ಉಬ್ಬಿಸಿದವಳೇ. ನನ್ನ ಮನೆಗೆ ಬಂದ ಸಾತಾರ್ ಅವರಿಗೆ ನಾನಾದರೂ ಒಂದು ಚೂರು ಕೊಟ್ಟು 'ಬಾಯಿ ತಾಗಿಸಿ' ಎನ್ನಬಹುದಿತ್ತು. ನನಗೆ ಹೊಳೆಯಲೇ ಇಲ್ಲ. ಬೇಡ ಎಂದು ಅವರ ಮುಂದಿನಿಂದ ಎತ್ತಿಬಿಡುವುದೂ, ತಿನ್ನು ತಿನ್ನು ಎಂದು ತುರುಕುವುದೂ, ಎರಡೇ ನಮಗೆ ಗೊತ್ತು.

ಇನ್ನು ಮುಂದೆ ಯಾರ ಮನೆಗೆ ಕರೆದರೂ ಬರುತ್ತೇನೆ. ನನ್ನ ಮುಂದಿನಿಂದ ಏನನ್ನೂ ಸರಿಸಬೇಡಿ. ಎಲ್ಲರಿಗೂ ಇಡುವುದನ್ನೇ ಇಡಿ, ಎಷ್ಟು ತಿನ್ನಬೇಕೆಂಬುದು ನನಗೆ ಬಿಟ್ಟ ವಿಷಯ. ನನ್ನನ್ನು 'ಸಕ್ಕರೆ ಜೂರಾಕನ್' ಎಂದು ಕರೆಯುವುದಾದರೆ ನಾನಿಲ್ಲದಾಗ ಕರೆಯಿರಿ. ನನ್ನೆದುರು ಕರೆದವರ ಮೊಮ್ಮಕ್ಕಳ ಜೀವಶಾಸ್ತ್ರದ ಗತಿ ಏನಾದೀತೋ ಹೇಳಲಾರೆ. ಹೊಸ ಶಿಕ್ಷಕಿಯೂ ನನ್ನ ಶಿಷ್ಯೆಯೇ.

ಇದು ಕ್ಷಮೆ ಕೇಳುವ ಭಾಷಣವಲ್ಲ. ಮಾನ್ಯ ಅಧ್ಯಕ್ಷರೇ, ಇಷ್ಟು ದೊಡ್ಡ ಕೇಕು ಮಾಡಿಸಿದ್ದೀರಿ, ಅದರ ಮೇಲೆ ನನ್ನ ಹೆಸರನ್ನು ಕೆನೆಯಲ್ಲಿ ಬರೆಸಿದ್ದೀರಿ. ಕತ್ತರಿಸುತ್ತೇನೆ. ಮಕ್ಕಳಿಗೆ ಹಂಚಿ, ಅವರ ಗ್ರಂಥಿ ಇನ್ನೂ ಹೊಸದು. ಶಾಲು ಹೊದಿಸಿದವರಿಗೆ, ಹೂ ಕೊಟ್ಟವರಿಗೆ, ಇಷ್ಟು ವರ್ಷ ನನ್ನ ಮಾತು ಕೇಳಿದವರಿಗೆ, ಕೇಳಿದ ಹಾಗೆ ನಟಿಸಿದವರಿಗೆ, ಎಲ್ಲರಿಗೂ ನನ್ನ ಕೃತಜ್ಞತೆಗಳು.

ಬಾತ್ಮಾ, ಎದ್ದು ಹೊರಗೆ ಹೋಗಬೇಡ. ಇಲ್ಲಿ ಬಾ. ಕೇಕು ಬೇಡ, ಈ ಮೇಜಿನ ಮೇಲೆ ರೊಟ್ಟಿ ಇದೆ ನೋಡು, ಅದರಲ್ಲಿ ಒಂದು ಚೂರು ಮುರಿ. ನಿನ್ನ ಕೂಸಿಗೆ ನಾನು ಆವತ್ತು ಕೊಡದೇ ಉಳಿಸಿಕೊಂಡ ಮಾತು ಇನ್ನೂ ನನ್ನ ಬಾಯಲ್ಲೇ ಇದೆ ಕಣೇ. ಆದರೆ ಸುಮ್ಮನೆ ತಂದು ತುರುಕಿದರೆ ನಾನು ಬಾಯಿ ತೆರೆಯೋದಿಲ್ಲ. ಪದ್ಧತಿ ಗೊತ್ತಲ್ಲ, ಕೊಡೋರು 'ಬಾಯಿ ತಾಗಿಸು' ಅಂತ ಹೇಳಬೇಕು. ಎರಡೇ ಮಾತು. ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ ಅಂತ ಗೊತ್ತು. ಆ ಎರಡು ಮಾತು ಹೇಳೋವರೆಗೂ ನಾನು ಇಲ್ಲೇ ನಿಂತಿರ್ತೀನಿ, ಈ ಊರೆಲ್ಲ ಇಲ್ಲೇ ಕೂತಿರುತ್ತೆ. ತಗೋ, ಮೈಕು ನಿನ್ನದು.

ಎಲ್ಲರಿಗೂ ನಮಸ್ಕಾರ.